ಮುಗಿಲಿಗೂ ಗಂಡಾಳು, ಹೆಣ್ಣಾಳು

ವಿಮಾನವನ್ನು ಅಂಗಾತ ಮಲಗಿಸಿ, ಮೂಗಿನ ಮೇಲೆ ನಿಲ್ಲಿಸಿ, ಬುಗುರಿ ಸುತ್ತಿಸಿ, ನೆಲಕ್ಕೆ ಬಿತ್ತು ಅನ್ನುವಷ್ಟರಲ್ಲಿ ಎತ್ತಿಕೊಂಡು ಹೋಗುವ ಆಟಕ್ಕೆ ಏರೋಬ್ಯಾಟಿಕ್ಸ್ ಎನ್ನುತ್ತಾರೆ. ಅದರಲ್ಲಿ ಗಂಡಸರೂ ಹೆಂಗಸರೂ ಕೂಡಿ ಸ್ಪರ್ಧಿಸಬೇಕೋ, ಬೇರೆ ಬೇರೆಯೋ ಎಂದು ಫ್ರಾನ್ಸ್, ರಷ್ಯಾ, ಅಮೆರಿಕದವರು ಎಷ್ಟೋ ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಕುಂದಗೋಳ ತಾಲ್ಲೂಕಿನ ಯರಗುಪ್ಪಿಗೆ ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಇಲ್ಲಿನ ಗುಡಿಕಟ್ಟೆಯ ಮೇಲೆ ಒಂದು ಚಹಾ ತಣ್ಣಗಾಗುವುದರೊಳಗೆ ತೀರ್ಮಾನ ಆಗಿಬಿಟ್ಟಿದೆ.

ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ಬಣ್ಣದ ಹೊಗೆ ಬಿಡುವ ವಿಡಿಯೊ ಯಾರದೋ ಫೋನಿನಲ್ಲಿ ಓಡುತ್ತಿತ್ತು. ಅದರ ಹಿಂದೆಯೇ ಹೆಣ್ಣುಮಗಳೊಬ್ಬಳು ಪೈಲಟ್ ಡ್ರೆಸ್ಸಿನಲ್ಲಿ ಬಂದಳು. ಕಟ್ಟೆ ಸೆಟೆದು ಕೂತಿತು.

"ಹೆಣ್ಮಕ್ಕಳನ್ನ ಬ್ಯಾರೇನ ಹಾರಸಬೇಕ ನೋಡ್ರಿ. ಗಂಡಸರ ಕೂಡ ಹಚ್ಚಿದ್ರ ಪಾಪ, ಸೋಲ್ತಾರ."

"ಯಜಮಾನ್ರ, ವಿಮಾನ ಹಾರೂದು ಇಂಜಿನ್ ಮ್ಯಾಲ. ರಟ್ಟಿ ಮ್ಯಾಲ ಅಲ್ಲ," ಎಂದ ಡಿಗ್ರಿ ಮುಗಿಸಿ ಖಾಲಿ ಕೂತ ಹುಡುಗ.

"ಇಂಜಿನ್ ಇದ್ರೇನಾತೋ ತಮ್ಮಾ, ಹಿಡಕೊಳ್ಳಾಕ ಗಟ್ಟಿ ಕೈ ಬೇಕಲ್ಲ?"

ಮಾತು ಅಲ್ಲಿಗೆ ಮುಗಿಯಿತು. ಸೋಲುವವರ ಮೇಲೆ ಇಷ್ಟೊಂದು ಕರುಣೆ ತೋರಿಸಿದವರೇ, ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರು ಬಸ್ಸಿನ ಸೀಟೆಲ್ಲ ಹಿಡಿಯುತ್ತಾರೆ, ಹುಬ್ಬಳ್ಳಿತನಕ ನಿಂತೇ ಹೋಗಬೇಕು ಎಂದು ದಿನಾ ಗೊಣಗುವವರು. ಬಸ್ಸಿನಲ್ಲಿ ಸಮಾನತೆ ಬೇಕು, ಮುಗಿಲಿನಲ್ಲಿ ಮೀಸಲಾತಿ ಸಾಕು.

ಗಟ್ಟಿ ಕೈಯ ವಿಚಾರ ಸ್ವಲ್ಪ ನೋಡೋಣ. ವಿಮಾನವನ್ನು ರಭಸದಿಂದ ಮೇಲಕ್ಕೆಳೆದಾಗ ಪೈಲಟ್ಟಿನ ಮೈತೂಕ ಎಂಟು ಪಟ್ಟಾಗುವುದುಂಟು. 60 ಕೆಜಿಯ ಮನುಷ್ಯ 480 ಕೆಜಿ ಆಗುತ್ತಾನೆ, ಹೆಚ್ಚೂಕಡಿಮೆ ಐದು ಕ್ವಿಂಟಲ್ ಕಡಲೆ. ರಕ್ತ ತಲೆಯಿಂದ ಕಾಲಿಗೆ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಆಗ ಬೇಕಾಗುವುದು ಹೃದಯದಿಂದ ಮಿದುಳಿಗೆ ರಕ್ತ ಏರಿಸುವ ತಾಕತ್ತು. ಆ ದಾರಿ ಗಿಡ್ಡ ಇದ್ದಷ್ಟೂ ಲಾಭ. ಅಮೆರಿಕದ ವಾಯುಪಡೆಯ ವೈದ್ಯರು ಗಂಡಸರನ್ನೂ ಹೆಂಗಸರನ್ನೂ ಗಿರಗಿರ ತಿರುಗುವ ಯಂತ್ರದಲ್ಲಿ ಕೂರಿಸಿ ಪರೀಕ್ಷಿಸಿ, ತಡೆದುಕೊಳ್ಳುವ ಶಕ್ತಿಯಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲವೆಂದು 1986ರಲ್ಲೇ ಬರೆದಿಟ್ಟರು. ಆರಡಿ ಎತ್ತರದ ನಮ್ಮ ಪೈಲವಾನರಿಗೆ ಬೇಸರದ ಸುದ್ದಿ. ಅವರ ರಕ್ತಕ್ಕೆ ದಾರಿ ದೂರ.

ಇನ್ನು ಅಂಕ ಕೊಡುವ ಪದ್ಧತಿ. ಆಕಾಶದಲ್ಲಿ ಉದ್ದ, ಅಗಲ, ಎತ್ತರ ಎಲ್ಲ 1,000 ಮೀಟರ್ ಇರುವ ಕಾಣದ ಪೆಟ್ಟಿಗೆಯೊಂದು ಇರುತ್ತದೆ. ಅದರೊಳಗೇ ಸುತ್ತಬೇಕು, ಹೊರಗೆ ಹೋದರೆ ದಂಡ. ಯಾವ ಸುತ್ತು, ಯಾವ ಪಲ್ಟಿ ಎಂಬುದನ್ನು ಸ್ಪೇನಿನ ಹೋಸೆ ಅರೆಸ್ತಿ ಎಂಬ ಪೈಲಟ್ ರೂಪಿಸಿದ ರೇಖಾಚಿತ್ರಗಳಲ್ಲಿ ಮೊದಲೇ ಬರೆದುಕೊಟ್ಟಿರುತ್ತಾರೆ. ಒಂದೊಂದು ಪಲ್ಟಿಗೆ 10ಕ್ಕೆ ಇಷ್ಟು ಎಂದು ಅಂಕ. ಗೆರೆ 5 ಡಿಗ್ರಿ ವಾಲಿದರೆ ಒಂದು ಅಂಕ ಖೋತಾ. ತೀರ್ಪುಗಾರರು ನೆಲದ ಮೇಲೆ ಕುರ್ಚಿ ಹಾಕಿಕೊಂಡು ಕತ್ತು ಮೇಲೆ ಮಾಡಿ ನೋಡುತ್ತಾರೆ. ಅಷ್ಟು ಕೆಳಗಿನಿಂದ ಒಳಗೆ ಕೂತವರಿಗೆ ಮೀಸೆ ಇದೆಯೋ ಮೂಗುತಿ ಇದೆಯೋ ಕಾಣುವುದಿಲ್ಲ. ಕಟ್ಟೆಯ ಸಲಹೆ ಜಾರಿಗೆ ಬರಬೇಕಾದರೆ ರೆಕ್ಕೆಯ ಕೆಳಗೆ ದೊಡ್ಡ ಅಕ್ಷರದಲ್ಲಿ 'ಮಹಿಳೆಯರಿಗೆ' ಎಂದು ಬರೆಸಬೇಕಾಗುತ್ತದೆ, ನಮ್ಮ ಬಸ್ಸಿನ ಹಾಗೆ.

ರಷ್ಯಾದ ಸ್ವೆಟ್ಲಾನಾ ಕಪನಿನಾ 1996ರಿಂದ 2011ರವರೆಗೆ ಏಳು ಸಲ ಮಹಿಳಾ ವಿಶ್ವ ಚಾಂಪಿಯನ್ ಆದರು. ಹಾರಿಸಿದ್ದು ಗಂಡಸರು ಹಾರಿಸುವಂಥದೇ ಸುಖೋಯ್ ವಿಮಾನ, ಸುತ್ತಿದ್ದು ಅವೇ ಪಲ್ಟಿ. ಬೇರೆಯಾಗಿದ್ದು ಗೆದ್ದಾಗ ಕೊಟ್ಟ ಬಟ್ಟಲು ಮಾತ್ರ. ಅಮೆರಿಕದಲ್ಲಿ ಬೆಟ್ಟಿ ಸ್ಕೆಲ್ಟನ್ 1948ರಿಂದ ಮೂರು ವರ್ಷ ಸಾಲಾಗಿ ಹೆಂಗಸರ ಪಟ್ಟ ಗೆದ್ದರು. ಹೆಂಗಸರ ಪಟ್ಟ ತಾನೇ ಎಂದು ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರು. ಅದೇ ದೇಶದಲ್ಲಿ ಪ್ಯಾಟಿ ವ್ಯಾಗ್‌ಸ್ಟಾಫ್ 1991, 92, 93ರಲ್ಲಿ ಗಂಡಸರೂ ಇದ್ದ ಸ್ಪರ್ಧೆಯಲ್ಲೇ ರಾಷ್ಟ್ರೀಯ ಚಾಂಪಿಯನ್ ಆದರು. ಸೋಲುವವರ ಮೇಲೆ ಕನಿಕರಪಡುವ ನಮ್ಮ ಯಜಮಾನರು ಆ ಮೂರು ವರ್ಷ ಅಲ್ಲಿದ್ದಿದ್ದರೆ ಗಂಡಸರಿಗೆ ಬೇರೆ ವಿಭಾಗ ಮಾಡಿ ಎಂದು ಅರ್ಜಿ ಹಾಕಬೇಕಿತ್ತು.

ಬೇರೆ ಬಟ್ಟಲು ಇಡುವವರ ವಾದದಲ್ಲೂ ಹುರುಳಿಲ್ಲ ಎನ್ನಲಾರೆ. ಹತ್ತು ಮಂದಿ ಗಂಡಸರ ನಡುವೆ ಒಬ್ಬಳು ಇದ್ದಾಗ, ಅವಳ ಹೆಸರಿಗೊಂದು ಬಟ್ಟಲು ಇಟ್ಟರೆ ಇನ್ನಿಬ್ಬರು ಬರಬಹುದು. ಬರಲಿ. ಆದರೆ ಬಟ್ಟಲು ಜಾಸ್ತಿ ಇಡುವುದು ಬೇರೆ, ದೊಡ್ಡ ಬಟ್ಟಲಿನ ಹತ್ತಿರ ಬರಬೇಡ ಎನ್ನುವುದು ಬೇರೆ. ಕಟ್ಟೆ ಕೇಳುತ್ತಿರುವುದು ಎರಡನೆಯದನ್ನು.

ಕೆಲಸದ ವೇಳೆಗೆ ಈ ಬೇರೆ-ಬೇರೆ ಎಲ್ಲಿ ಹೋಗುತ್ತದೋ ನೋಡಿ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಮುಂದಿನ ತರಬೇತಿಗೆ ಬಂದದ್ದು ನಮ್ಮ ಬೀದರಿಗೆ, ಸೂರ್ಯಕಿರಣದವರ ಊರಿಗೇ. ಹಾಕ್ ವಿಮಾನದಲ್ಲಿ ಹೆಂಗಸರ ಸೀಟು ಅಂತ ಇರಲಿಲ್ಲ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮರ್ಲೆಯ ಮೇಘನಾ ಶಾನುಭೋಗ್ ಫೈಟರ್ ಪೈಲಟ್ ಆದರು. ಹೆಲಿಕಾಪ್ಟರ್‌ಗಳನ್ನು ನವಿಲಿನಂತೆ ಕುಣಿಸುವ ಸಾರಂಗ್ ತಂಡದಲ್ಲಿ ಹಾರಿದ ದೀಪಿಕಾ ಮಿಶ್ರಾ 2021ರಲ್ಲಿ ಮಧ್ಯಪ್ರದೇಶದ ಪ್ರವಾಹದಿಂದ 47 ಜನರನ್ನು ಎತ್ತಿಕೊಂಡು ಬಂದು, 2023ರಲ್ಲಿ ಶೌರ್ಯಕ್ಕಾಗಿ ವಾಯುಸೇನಾ ಪದಕ ಪಡೆದರು. ಆ 47 ಜನರಲ್ಲಿ ಒಬ್ಬರಾದರೂ ಮಾಳಿಗೆಯ ಮೇಲೆ ನಿಂತು, "ತಡೀವಾ, ಗಂಡಸರ ವಿಭಾಗದ ಹೆಲಿಕಾಪ್ಟರ್ ಬರಲಿ" ಎಂದ ಸುದ್ದಿ ಇಲ್ಲ. ನಾಳೆ ಬೆಣ್ಣಿಹಳ್ಳ ಸೊಕ್ಕಿ ಬಂದರೆ ನಮ್ಮ ಯಜಮಾನರೂ ಹಗ್ಗ ಇಳಿಬಿಟ್ಟದ್ದು ಯಾರೆಂದು ಕೇಳದೇ ಹಿಡಿಯುತ್ತಾರೆ. ಪದಕ ಕೊಡುವ ದಿನ ಮಾತ್ರ ಕೇಳುತ್ತಾರೆ.

ಹಾಕ್‌ನಂಥ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಕಲಿಯುವವರು ಮುಂದೆ, ಕಲಿಸುವ ಗುರು ಹಿಂದೆ. ಹಿಂದಿನವರ ಕೈಯಲ್ಲೂ ಒಂದು ಕಡ್ಡಿ ಇರುತ್ತದೆ, ಮುಂದಿನವರು ತಪ್ಪಿದರೆ ಅವರು ತಿರುವುತ್ತಾರೆ. ಈ ವ್ಯವಸ್ಥೆ ನಮ್ಮ ಪಂಚಾಯಿತಿಗಳಿಗೆ ಚೆನ್ನಾಗಿ ಒಗ್ಗಿದೆ. ಕರ್ನಾಟಕ 1983ರ ಕಾಯಿದೆಯಲ್ಲೇ ಮಹಿಳೆಯರಿಗೆ ಶೇ 25 ಸ್ಥಾನ ಇಟ್ಟಿತು, ಈಗ ಅದು ಅರ್ಧಕ್ಕೆ ಏರಿದೆ. ಮುಂದಿನ ಸೀಟಿನಲ್ಲಿ ಅಧ್ಯಕ್ಷೆ, ಹಿಂದಿನದರಲ್ಲಿ 'ಅಧ್ಯಕ್ಷರ ಮನಿಯವರು'. ವಾಯುಪಡೆಯಲ್ಲಿ ಕಲಿತ ಮೇಲೆ ಗುರು ಇಳಿದು ಹೋಗುತ್ತಾನೆ. ಇಲ್ಲಿ ಅವಧಿ ಮುಗಿದರೂ ಇಳಿಯುವುದಿಲ್ಲ, ಮೈಕು ಹಿಡಿದಿರುತ್ತಾನೆ.

ಇಲ್ಲೇ ಹತ್ತಿರದ ಕುಂದಗೋಳದಲ್ಲಿ ಗಂಡು-ಹೆಣ್ಣಿನ ಈ ತಕರಾರು ಸಂಗೀತದಲ್ಲಿ ಹಿಂದೆಯೇ ತೀರಿಹೋಗಿತ್ತು. ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸೀರೆ ಉಟ್ಟು ಹೆಣ್ಣು ಪಾತ್ರ ಹಾಡಿ ಹೆಸರಾದವರು. ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್ಲರ ದನಿ, ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ, ಮುಖ ನೋಡದೆ ಕೇಳಿದವರಿಗೆ ಗಂಡಸು ಹಾಡುತ್ತಿದ್ದಾನೆ ಅನ್ನಿಸುವಷ್ಟು ಗಡಸಾಯಿತು. ಅದೇ ಗುರುವಿನ ಎದುರು ಭೀಮಸೇನ ಜೋಶಿಯವರೂ ಕೂತಿದ್ದರು. ಮಹಿಳಾ ಕಿರಾನಾ, ಪುರುಷ ಕಿರಾನಾ ಎಂದು ಯಾರೂ ಅವರ ಗಾಯನದ ಘರಾಣೆ ಒಡೆಯಲಿಲ್ಲ. ಕಟ್ಟೆಯವರ ಸಲಹೆ ಕೇಳಲು ಆಗ ಯಾರಿಗೂ ಹೊಳೆಯಲಿಲ್ಲವೋ ಏನೋ.

ನಮ್ಮ ಕಡೆಯ ಏರೋಬ್ಯಾಟಿಕ್ಸ್ ಎಂದರೆ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಸ್ಪರ್ಧೆ. ಜಾತ್ರೆ ಬಂತೆಂದರೆ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸಬೇಕು. ಟ್ರೇಲರ್ ಎಡಕ್ಕೆ ಹೊರಳಬೇಕಾದರೆ ಸ್ಟೇರಿಂಗ್ ಬಲಕ್ಕೆ. ಹುಡುಗರು ಸೀಟಿನ ಮೇಲೆ ಅರ್ಧ ಎದ್ದು, ಕುತ್ತಿಗೆ ಹಿಂದಕ್ಕೆ ತಿರುವಿ, ಹಲ್ಲು ಕಚ್ಚಿ ಓಡಿಸುತ್ತಾರೆ. ಅದರಲ್ಲಿ ಮಹಿಳಾ ವಿಭಾಗ ಇಲ್ಲ. ಬೇಕೋ ಬೇಡವೋ ಎಂಬ ಚರ್ಚೆಯೂ ಇಲ್ಲ. ಹೆಣ್ಣು ಆ ಸೀಟಿನ ಮೇಲೆ ಕೂತರೆ ತಾನೇ ಚರ್ಚೆ? ಅವಳಿಗೆ ಟ್ರೇಲರ್ ಮೀಸಲು, ಅದೂ ಕಸ ತೆಗೆಯಲು ಹೊಲಕ್ಕೆ ಹೋಗುವಾಗ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ತಾಸು ಹಾರಬೇಕು, ಅದಕ್ಕೆ ಹಲವು ಲಕ್ಷ ಸುರಿಯಬೇಕು. ಸರ್ಕಾರದ ವೈಮಾನಿಕ ಶಾಲೆ ಇರುವುದು ದೂರದ ಜಕ್ಕೂರಿನಲ್ಲಿ. ಮಗಳಿಗೆ ಟ್ರ್ಯಾಕ್ಟರ್ ಕೀಲಿಕೈ ಕೊಡದ ಮನೆಯವರು ಆಕಾಶದಲ್ಲಿ ಅವಳಿಗೆ ಯಾವ ವಿಭಾಗ ಎಂದು ಚಿಂತೆ ಮಾಡುತ್ತಿದ್ದಾರೆ.

ಬೇರೆ ವಿಭಾಗ ಅಂತ ಯರಗುಪ್ಪಿಯಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಹೊಲದ ಕೂಲಿಯಲ್ಲಿ ಇದೆ. ಗಂಡಾಳಿಗೆ ಒಂದು ಪಗಾರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ವೇತನದ ಕಾಯಿದೆ 1976ರಲ್ಲೇ ಬಂತು. ಉದ್ಯೋಗ ಖಾತ್ರಿಯಲ್ಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು, ಗಂಡಿಗೂ ಅಷ್ಟೇ ಹೆಣ್ಣಿಗೂ ಅಷ್ಟೇ. ಅದು ಸರ್ಕಾರದ ಮಣ್ಣು. ನಮ್ಮ ಎರೆಮಣ್ಣಿಗೆ ಬೇರೆ ಕಾನೂನು. ಹತ್ತಿಗೆ, ಮೆಣಸಿನಗಿಡಕ್ಕೆ ಎಣ್ಣಿ ಹೊಡೆಯುವುದು ಗಂಡಾಳಿನ ಕೆಲಸ, ಪಗಾರ ಜಾಸ್ತಿ. ಪಂಪು ಖಾಲಿಯಾದಾಗಲೆಲ್ಲ ಹೊಂಡದಿಂದ ಕೊಡ ತುಂಬಿ, ಮಣಕಾಲಿನತನಕ ಮೆತ್ತುವ ಎರೆಯಲ್ಲಿ ನೀರು ಹೊತ್ತು ತರುವುದು ಹೆಣ್ಣಾಳಿನ ಕೆಲಸ. ಅದು ಹಗುರ, ಪಗಾರವೂ ಹಗುರ. ಗಟ್ಟಿ ಕೈಯ ಮಾತು ಅಲ್ಲಿ ಬರುವುದಿಲ್ಲ.

ಈ ಲೆಕ್ಕಕ್ಕೆ ಈಗ ಮೇಲಿನಿಂದಲೇ ತೊಂದರೆ ಬಂದಿದೆ. ನಮೋ ಡ್ರೋನ್ ದೀದಿ ಯೋಜನೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ್ದು. ಹೆಣ್ಣುಮಕ್ಕಳ 15,000 ಸ್ವಸಹಾಯ ಸಂಘಗಳಿಗೆ ಎಣ್ಣಿ ಹೊಡೆಯುವ ಡ್ರೋನ್, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯ. ಸಂಘದ ಒಬ್ಬಳಿಗೆ 15 ದಿನದ ತರಬೇತಿ. ಮನೆಯ ಇನ್ನೊಬ್ಬರಿಗೆ ರಿಪೇರಿ ಕಲಿಸಿ 'ಡ್ರೋನ್ ಸಹಾಯಕ' ಮಾಡುವ ಅವಕಾಶವೂ ಉಂಟು. ಸರ್ಕಾರಿ ಕಾಗದದಲ್ಲಿ ಹೆಂಡತಿ ಪೈಲಟ್, ಗಂಡ ಸಹಾಯಕ ಆಗಬಹುದಾದ ಯೋಜನೆ ನನಗೆ ಗೊತ್ತಿರುವಂತೆ ಇದೊಂದೇ. ಬ್ಯಾಟರಿ ಹೊತ್ತುಕೊಂಡು ಬದುವಿನ ಮೇಲೆ ಹಿಂದೆ ಹಿಂದೆ ನಡೆಯುವ ಗಂಡನ ಮುಖ ನೋಡಲು ಏರೋ ಇಂಡಿಯಾಕ್ಕಿಂತ ಹೆಚ್ಚು ಜನ ಸೇರಬೇಕು.

ಹೋದ ಹಂಗಾಮಿನಲ್ಲಿ ಅಂಥ ಒಬ್ಬ ಹೆಣ್ಣುಮಗಳು ಡ್ರೋನ್ ತಂದಿದ್ದಳು. ಕಟ್ಟೆಯ ಯಜಮಾನರು ತಮ್ಮ ಕಡಲೆ ಹೊಲದ ಬದುವಿನ ಮೇಲೆ ನಿಂತು, ಅದು ಎದ್ದು, ಸಾಲು ಹಿಡಿದು ಹೋಗಿ, ಹೊಲದ ತುದಿಯಲ್ಲಿ ಹೊರಳಿ, ಮತ್ತೊಂದು ಸಾಲಿಗೆ ಬರುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಒಂದು ಸಾಲೂ ತಪ್ಪಲಿಲ್ಲ. ಕೆಲಸ ಮುಗಿದು ಡ್ರೋನ್ ಇಳಿದ ಮೇಲೆ ಹತ್ತಿರ ಬಂದು ಕಿಸೆಗೆ ಕೈ ಹಾಕಿದರು.

"ತಂಗಿ, ಎಕರೆಕ್ಕ ಗಂಡಸರು ತಗೊಳ್ಳೂವಷ್ಟ ನೀನೂ ತಗೋತೀ? ಹೆಣ್ಣಾಳ ರೇಟ್ ಹೇಳವಾ."

ಅವಳು ಬ್ಯಾಟರಿ ಬಿಚ್ಚುತ್ತ ತಲೆ ಎತ್ತಲಿಲ್ಲ. "ಕಾಕಾ, ಡ್ರೋನ್‌ಗೆ ನೀವು ರೇಟ್ ಕೊಡ್ರಿ. ನನ್ನ ಪಗಾರ ನಿಮ್ಮ ಸೊಸಿನ್ನ ಕೇಳಿ ಆಮ್ಯಾಲ ಹೇಳ್ತೀನಿ. ಸಂಘದ ಖಾತೆ ಆಕಿ ಹತ್ರಾನ ಐತಿ."