ಬೆಳ್ಳಾರೆ ಸ್ಥಿರಾಂಕ: ಸುಸ್ಥಿರ ಅಭಿವೃದ್ಧಿಯ ಹೆಬ್ಬೆಟ್ಟು ಸಿದ್ಧಾಂತಕ್ಕೊಂದು ಪ್ರವೇಶಿಕೆ

ಪ್ರಬಂಧ ಸಾರ

ಪ್ರಸ್ತುತ ಸಂಪ್ರಬಂಧವು ಸುಳ್ಯ ತಾಲೂಕಿನ ಬೆಳ್ಳಾರೆಯನ್ನು ಅಧ್ಯಯನ ಕ್ಷೇತ್ರವಾಗಿ ಆಯ್ದುಕೊಂಡು, ರಾಷ್ಟ್ರಮಟ್ಟದ ಸಮಾಜಕಲ್ಯಾಣವು ಬಹುಸ್ತರೀಯ, ಅಂತರ್‌ಇಲಾಖಾ, ಸಮನ್ವಯಾತ್ಮಕ, ಫಲಿತಾಂಶಾಧಾರಿತ ಪಥದಲ್ಲಿ ದೆಹಲಿಯಿಂದ ಹೊರಟು ಒಬ್ಬ ಅಜ್ಜಿಯ ಬಲಗೈ ಹೆಬ್ಬೆರಳಿನ ಹತ್ತಿರ ಹೇಗೆ ನಿಂತುಬಿಡುತ್ತದೆ ಎಂಬುದನ್ನು ಪರಾಮರ್ಶಿಸುತ್ತದೆ. ಸಂಶೋಧನಾ ವಿಧಾನ: ಸಾಲಿನಲ್ಲಿ ನಿಲ್ಲುವುದು. ಈ ಅಧ್ಯಯನಕ್ಕೆ ಅನುದಾನ ದೊರೆತಿಲ್ಲ. ದೊರೆತಿದ್ದರೆ ಕಾರ್ಯಾಗಾರ ನಡೆಸಬೇಕಾಗುತ್ತಿತ್ತು.

1. ಪರಿಕಲ್ಪನಾತ್ಮಕ ಚೌಕಟ್ಟು

2015ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ರಾಷ್ಟ್ರಗಳು ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನೂ ಅವುಗಳ ಹೊಟ್ಟೆಯೊಳಗೆ 169 ಉಪಗುರಿಗಳನ್ನೂ ಒಪ್ಪಿಕೊಂಡವು. ಗಡುವು 2030. ಮೊದಲ ಗುರಿ ಬಡತನದ ನಿರ್ಮೂಲನೆ, ಅದರ 1.3ನೇ ಉಪಗುರಿ ಎಲ್ಲರಿಗೂ ಸಾಮಾಜಿಕ ಭದ್ರತೆ. ಇಷ್ಟು ದೊಡ್ಡ ಮೂಟೆ ಹಳ್ಳಿಯ ಬಾಗಿಲೊಳಗೆ ತೂರುವುದಿಲ್ಲವೆಂದು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು 17ನ್ನು 9 ವಿಷಯಗಳಾಗಿ ಕಟ್ಟಿಕೊಟ್ಟಿತು: ಬಡತನಮುಕ್ತ ಗ್ರಾಮ, ಆರೋಗ್ಯಕರ ಗ್ರಾಮ, ಮಕ್ಕಳಸ್ನೇಹಿ ಗ್ರಾಮ ಇತ್ಯಾದಿ. ಗ್ರಾಮ ಪಂಚಾಯತುಗಳು ಇವುಗಳಲ್ಲಿ ತಮಗೆ ಹಿಡಿಸಿದ್ದನ್ನು ಆಯ್ದು ಸಂಕಲ್ಪ ಮಾಡಬೇಕು. ಸಂಕಲ್ಪವಾದ ಮೇಲೆ ಬ್ಯಾನರು, ಬ್ಯಾನರಿನ ಮುಂದೆ ಫೋಟೋ, ಫೋಟೋ ಪೋರ್ಟಲಿಗೆ. ಇಲ್ಲಿಗೆ ಒಂದು ಚಕ್ರ ಪೂರ್ಣ.

ಆಡಳಿತಾತ್ಮಕ ಸಮನ್ವಯದ ಸೊಬಗನ್ನೂ ಇಲ್ಲೇ ದಾಖಲಿಸಬೇಕು. ಸಾಮಾಜಿಕ ನ್ಯಾಯಕ್ಕೆಂದೇ ದೆಹಲಿಯಲ್ಲಿ ಒಂದು ಸಚಿವಾಲಯ ಉಂಟು. ಹಿರಿಯ ನಾಗರಿಕರ ಹಿತಚಿಂತನೆ ಅದರ ಸುಪರ್ದಿಗೆ ಸೇರಿದ್ದು. ಆದರೆ ಬಡ ಹಿರಿಯರ ಪಿಂಚಣಿ ಗ್ರಾಮೀಣಾಭಿವೃದ್ಧಿ ಸಚಿವಾಲಯದ್ದು. ಅದರ ಬಟವಾಡೆ ರಾಜ್ಯದ ಕಂದಾಯ ಇಲಾಖೆಯದ್ದು. ಗುರಿಗಳ ಉಸ್ತುವಾರಿ ನೀತಿ ಆಯೋಗದ್ದು, ಸೂಚಕಗಳ ಪಟ್ಟಿ ಸಾಂಖ್ಯಿಕ ಸಚಿವಾಲಯದ್ದು. ಬೆರಳಚ್ಚು ಆಧಾರ್ ಪ್ರಾಧಿಕಾರದ್ದು, ಅದು ಎಲೆಕ್ಟ್ರಾನಿಕ್ಸ್ ಸಚಿವಾಲಯದ ಅಡಿಯಲ್ಲಿ. ಇಷ್ಟು ಹಂಚಿಕೆಯಾದ ಮೇಲೆ ಅಜ್ಜಿಯ ಪಾಲಿಗೆ ಉಳಿಯುವುದು ಹಸಿವೊಂದೇ. ಅದಕ್ಕೆ ಯಾವ ಇಲಾಖೆಯೂ ಹಕ್ಕು ಮಂಡಿಸಿಲ್ಲ.

2. ಸ್ಥಿರಾಂಕದ ಶೋಧ

ಬೆಳಕಿನ ವೇಗ ಎಲ್ಲ ಕಾಲದಲ್ಲೂ ಒಂದೇ ಎಂದು ಭೌತವಿಜ್ಞಾನಿಗಳು ಹೇಳುತ್ತಾರೆ. ಸಮಾಜಕಲ್ಯಾಣ ವಿಜ್ಞಾನದಲ್ಲಿ ಅಂಥದ್ದೊಂದು ಸ್ಥಿರಾಂಕವಿದೆ. ಅದರ ಬೆಲೆ 200. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ 1995ರ ಆಗಸ್ಟ್ 15ರಂದು ಆರಂಭವಾದಾಗ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಟ್ಟದ್ದು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬರುವ ಹೊತ್ತಿಗೆ ಅದು 200 ಆಗಿತ್ತು. ಅಲ್ಲಿಂದ ಈಚೆಗೆ ಸರ್ಕಾರಗಳು ಬದಲಾದವು, ನೋಟುಗಳು ಬದಲಾದವು, ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂತು. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ಮಾತ್ರ 200ರಿಂದ ಕದಲಿಲ್ಲ. 80 ತುಂಬಿದರೆ 500. ಅಂದರೆ ಸಾಯದೆ ಉಳಿದದ್ದಕ್ಕೆ 300 ರೂಪಾಯಿ ಬೋನಸ್ಸು. ಹೆಚ್ಚಿಸಿ ಎಂದು ಸಂಸದೀಯ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ. ಸ್ಥಿರಾಂಕವು ಶಿಫಾರಸಿಗೆ ಬಗ್ಗುವಂಥದ್ದಲ್ಲ.

ರಾಜ್ಯ ತನ್ನ ಪಾಲು ಸೇರಿಸಿ 65 ದಾಟಿದವರಿಗೆ 1200 ಮಾಡಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ದೆಹಲಿಯ 200ಕ್ಕೆ ಬೆಳ್ಳಾರೆಯಲ್ಲಿ ಅರ್ಧ ಕಿಲೋ ಹಳೆ ಅಡಿಕೆಯೂ ಬರುವುದಿಲ್ಲ. ದರ ಏರಿದ ದಿನ ಒಂದು ಕಿಲೋ ಬೂತಾಯಿ ಮೀನಿಗೂ ಸಾಲದು.

3. ಫಲಾನುಭವಿಗಳ ನವವಿಧ ವರ್ಗೀಕರಣ

ಸಚಿವಾಲಯದ ಒಂಬತ್ತು ವಿಷಯಗಳಿಗೆ ಗೌರವಾರ್ಥವಾಗಿ ಫಲಾನುಭವಿಗಳನ್ನೂ ಒಂಬತ್ತಾಗಿ ವಿಂಗಡಿಸಲಾಗಿದೆ.

ಅ) ಪೂರ್ವ-ಫಲಾನುಭವಿ: ಅರ್ಜಿ ಕೊಟ್ಟವರು. ಲಕ್ಷಣ: ಕೈಯಲ್ಲಿ ಸ್ವೀಕೃತಿ ಚೀಟಿ, ಬಾಯಲ್ಲಿ "ಪೆಂಡಿಂಗ್ ಉಂಟಂತೆ".

ಆ) ಮಂಜೂರು-ನಿರಾಕಾರ: ಆದೇಶಪತ್ರ ಬಂದಿದೆ, ಹಣ ಬಂದಿಲ್ಲ. ಕಾರಣ ಎನ್‌ಪಿಸಿಐ ಮ್ಯಾಪಿಂಗ್. ಹಾಗೆಂದರೇನೆಂದು ಕೇಳಿದರೆ ಬ್ಯಾಂಕಿನವರು ಕಚೇರಿಯ ಕಡೆಗೂ ಕಚೇರಿಯವರು ಬ್ಯಾಂಕಿನ ಕಡೆಗೂ ಕೈ ತೋರಿಸುತ್ತಾರೆ.

ಇ) ದಾಖಲಾ-ದಿವಂಗತ: ಉಸಿರಾಡುತ್ತಿದ್ದಾರೆ, ಆದರೆ ಕಂಪ್ಯೂಟರಿನಲ್ಲಿ ತೀರಿಕೊಂಡಿದ್ದಾರೆ. ತಾವು ಬದುಕಿರುವುದಕ್ಕೆ ಇವರು ದಾಖಲೆ ಒದಗಿಸಬೇಕು. ಎದುರು ನಿಂತಿರುವುದು ದಾಖಲೆಯಾಗುವುದಿಲ್ಲ.

ಈ) ಬಹುನಾಮಧಾರಿ: ಆಧಾರಿನಲ್ಲಿ ಗಂಡನ ಹೆಸರು, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು. ಮೂವರೂ ಒಬ್ಬಳೇ ಎಂದು ಆಕೆಗೆ ಮಾತ್ರ ಗೊತ್ತು.

ಉ) ಒಪ್ಪಂದ-ಸಂಜಾತ: 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಫಲವಾಗಿ ಸಿಂಹಳದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳು. ಇವರನ್ನು ಕರೆತರುವಾಗ ಎರಡು ದೇಶಗಳ ಪ್ರಧಾನಿಗಳು ಸಹಿ ಹಾಕಿದ್ದರು. ಜಾತಿ ಪ್ರಮಾಣಪತ್ರಕ್ಕೆ ಆ ಸಹಿ ಸಾಲಲಿಲ್ಲ.

ಊ) ಸವೆದ-ಬೆರಳಿನವರು: ಈ ವರ್ಗಕ್ಕೆ ಸ್ವಲ್ಪ ವಿವರಣೆ ಬೇಕು. ಇವರು ಪ್ರಾಯದಲ್ಲಿ ಬೀಡಿ ಕಟ್ಟಿದವರು, ರಬ್ಬರ್ ಟ್ಯಾಪಿಂಗ್ ಮಾಡಿದವರು, ಕಿಲೋ ಲೆಕ್ಕದಲ್ಲಿ ಒಣ ಅಡಿಕೆ ಸುಲಿದವರು. ಬೆರಳ ತುದಿಯ ಗೆರೆ ಅಳಿಸಿಹೋಗಿದೆ. ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಡಬೇಕು, ಒತ್ತಿ ಇಡಬೇಕು, ಎಣ್ಣೆ ಹಚ್ಚಿ ಇಡಬೇಕು.

"ಬೆರಳು ಬರುದಿಲ್ಲ ಅಜ್ಜಿ, ನಾಳೆ ಬನ್ನಿ."

"ನಾಳೆ ಬಂದ್ರೆ ಬೇರೆ ಬೆರಳು ಬರ್ತದಾ ಮಾರಾಯ್ರೆ?"

ಇನ್ನು ಮೂರು ವರ್ಗಗಳು ಬಾಕಿ ಇವೆ. ಬರೆಯುವ ಉಮೇದು ಹೋಯಿತು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದು ವಾಕ್ಯ 169 ಉಪಗುರಿಗಳಲ್ಲಿ ಎಲ್ಲಿದೆ? ಕೌಂಟರಿನ ಆಚೆ ಕೂತವರಿಗೆ ಈ ಅಜ್ಜಿಯ ಮುಖ ಗೊತ್ತು, ಮನೆ ಗೊತ್ತು, ಮಗ ಎಲ್ಲಿ ದುಡಿಯುತ್ತಾನೆಂಬುದೂ ಗೊತ್ತು. ಬೆಳ್ಳಾರೆ ಅಷ್ಟೇನೂ ದೊಡ್ಡ ಊರಲ್ಲ. ಇಡೀ ಪೇಟೆ ಗುರುತು ಹಿಡಿಯುವ ಹೆಂಗಸನ್ನು ಅಂಗೈಯಗಲದ ಯಂತ್ರವೊಂದು ಗೊತ್ತಿಲ್ಲ ಎಂದಿತು. ನಾವೆಲ್ಲ ಯಂತ್ರದ ಮಾತು ನಂಬಿದೆವು. ಸರ್ಕಾರ ವೃದ್ಧಾಪ್ಯ ವೇತನ ಎಂದು ಕೊಡುವುದನ್ನು ಕೆಲಸ ಮಾಡಿ ಸವೆದ ಕಾರಣಕ್ಕೇ ತಡೆಯುವುದಾದರೆ, ಅದಕ್ಕೆ ತಾಂತ್ರಿಕ ದೋಷವೆಂಬ ಮರ್ಯಾದೆಯ ಹೆಸರು ಯಾಕೆ?

ಬೆರಳು ಬಂದರೂ ನೆಟ್‌ವರ್ಕ್ ಬರಬೇಕು. 2021ರ ಜೂನ್ ಮಳೆಯಲ್ಲಿ ಇದೇ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕದಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು, ಮರುಗಿತು. ಸೇವೆಯನ್ನು ಮನೆ ಬಾಗಿಲಿಗೆ ತಲುಪಿಸುವ ಘೋಷಣೆಗಳು ಅದೇ ಸಿಗ್ನಲ್ಲಿನ ಮೇಲೆ ಸವಾರಿ ಮಾಡಿ ಬರಬೇಕು.

4. ಐತಿಹಾಸಿಕ ಹಿನ್ನೋಟ

ಬೆಳ್ಳಾರೆಗೂ ಸರ್ಕಾರಿ ದುಡ್ಡಿಗೂ ಹಳೆಯ ಸಂಬಂಧ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ತೆರಿಗೆಯನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ರೈತರು ಇನ್ನು ನಾಣ್ಯದಲ್ಲೇ ಕಟ್ಟಬೇಕೆಂದಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತನದಲ್ಲಿ ರೈತರ ದಂಡು ಮೊದಲು ವಶಪಡಿಸಿಕೊಂಡದ್ದು ಬೆಳ್ಳಾರೆಯ ಬಂಗ್ಲೆಗುಡ್ಡೆಯಲ್ಲಿದ್ದ ಖಜಾನೆಯನ್ನು. ಅಲ್ಲಿಂದ ಮಂಗಳೂರಿಗೆ ನಡೆದು ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿ 13 ದಿನ ಆಳಿದರು.

ಅಣಕು ಪಂಡಿತನ ಪೇಟವನ್ನು ಇಲ್ಲಿ ಕಳಚಿಡುತ್ತೇನೆ. ಆಗ ಸರ್ಕಾರ, ಗದ್ದೆಯಲ್ಲಿ ಬೆಳೆದದ್ದು ಬೇಡ, ನಾಣ್ಯ ತಾ ಎಂದಿತು. ಈಗ ಸರ್ಕಾರ, ಮನುಷ್ಯ ಬಂದದ್ದು ಸಾಲದು, ಗೆರೆ ತಾ ಎನ್ನುತ್ತದೆ. ಎರಡೂ ಸಲ ಜನರ ಹತ್ತಿರ ಇರುವುದನ್ನು ಬಿಟ್ಟು ಇಲ್ಲದ್ದನ್ನೇ ಕೇಳಲಾಯಿತು. ಆ ರೈತರ ಮುಂದಾಳಿಗೆ ಕಂಚಿನ ಪ್ರತಿಮೆ ಆಗಿದೆ. ಅವರ ಊರಿನ ಮುದುಕರು ಪಾಸ್‌ಬುಕ್ ಎಂಟ್ರಿ ಮಾಡಿಸಲು ನಿಂತಿದ್ದಾರೆ.

5. ಶಿಫಾರಸುಗಳು

ಕಾರ್ಯಾಗಾರ ಬೇಡ. ಸಂವಿಧಾನದ 41ನೇ ವಿಧಿಯು ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳಲ್ಲಿ ಸರ್ಕಾರ ತನ್ನ ಶಕ್ತ್ಯನುಸಾರ ನೆರವಾಗಬೇಕೆಂದು 1950ರಿಂದಲೂ ಹೇಳುತ್ತಿದೆ. ಆ ಶಕ್ತಿ 2007ರಲ್ಲಿ 200 ರೂಪಾಯಿಯಷ್ಟಿತ್ತು ಎಂದು ಒಪ್ಪೋಣ. ಈಗಲೂ ಅಷ್ಟೇ ಎಂದರೆ ಅಭಿವೃದ್ಧಿಯ ಭಾಷಣಗಳೆಲ್ಲ ಸುಳ್ಳಾಗಬೇಕು. ಬೆರಳು ಬಾರದವರಿಗೆ ಕಣ್ಣಿನ ಪಾಪೆ, ಮುಖ ನೋಡಿ ಗುರುತಿಸುವ ದಾರಿಯನ್ನು ಆಧಾರ್ ವ್ಯವಸ್ಥೆಯೇ ಒಪ್ಪಿದೆ. ಅದನ್ನು ಎಲ್ಲ ಕೌಂಟರಿನಲ್ಲೂ ಇಡಲಿ, ಅದೂ ಕೈಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಹೋಗಿ ನೋಡಿ ಸಹಿ ಹಾಕಲಿ. ದಾಖಲೆ ತಪ್ಪಿದ್ದರೆ ತಿದ್ದುವ ಕೆಲಸ ಸಂಬಳ ಪಡೆಯುವವರದ್ದು, ಒಂದು ದಿನದ ಕೂಲಿ ಬಿಟ್ಟು ಬಂದವರದ್ದಲ್ಲ.