ಜ್ವರದ ಬಾಯಿಗೆ ಮೆತ್ತಗಿನ ಅನ್ನ: ಗಡಿಶಾಸ್ತ್ರಕ್ಕೊಂದು ಅನುಬಂಧ

ಕರ್ನಾಟಕ-ಮಹಾರಾಷ್ಟ್ರ ಗಡಿವಿವಾದ ಬಗೆಹರಿಸಲು ಬಂದ ಮಹಾಜನ ಆಯೋಗದ 1967ರ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. 264 ಹಳ್ಳಿ ಆಚೆಗೆ, 247 ಹಳ್ಳಿ ಈಚೆಗೆ ಎಂದು ಲೆಕ್ಕವನ್ನೂ ಕೊಟ್ಟಿತು. ಆದರೆ ಜ್ವರ ಬಂದವರಿಗೆ ಯಾವ ಮನೆಯಲ್ಲಿ ಏನು ಬಡಿಸುತ್ತಾರೆ ಎಂಬ ಮೂಲಭೂತ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧ್ಯಯನದ ಕ್ಷೇತ್ರ ಬೆಳಗಾವಿಯ ಟಿಳಕವಾಡಿ, ಮೊದಲನೇ ರೈಲ್ವೆ ಗೇಟಿನಿಂದ ಮೂರನೆಯದರವರೆಗೆ. ಕಾಲ ಆಷಾಢ. ಉಪಕರಣ ಮೂಗು. ಗೇಟು ಬಿದ್ದೊಡನೆ ಸಂಶೋಧಕ ಸ್ಕೂಟರ್ ಆರಿಸಿ ನಿಲ್ಲಲೇಬೇಕು; ಸುತ್ತಲಿನ ಅಡುಗೆಮನೆಗಳಿಂದ ದತ್ತಾಂಶ ತಾನಾಗಿ ಬಂದು ಸೇರುತ್ತದೆ.

ಬೆಳಗಾವಿಯ ರುಚಿ ಯಾವುದೆಂದರೆ ಪೂರ್ವಪಕ್ಷದವರು ಕುಂದಾ, ಮಂಡಿಗೆಯಂಥ ಸಿಹಿ ಎನ್ನುತ್ತಾರೆ. ಸಲ್ಲದು. ಕುಂದಾ ನೆಂಟರ ಚೀಲಕ್ಕೆ, ಮಂಡಿಗೆ ಮದುವೆಯ ಪಂಕ್ತಿಗೆ. ನೆಗಡಿಯಾದ ಮಗನಿಗೆ ಕುಂದಾ ತಿನ್ನಿಸಿದ ತಾಯಿ ಈ ಬಡಾವಣೆಯಲ್ಲಿ ಆಗಿಹೋಗಿಲ್ಲ.

ಇನ್ನು ಸಿದ್ಧಾಂತ. ಮರಾಠಿ ಮನೆಯಲ್ಲಿ ಮೆತ್ತಗೆ ಬೆಂದ ಅನ್ನ, ತುಪ್ಪ, ಮೆತಕೂಟ. ಗೋಡೆಯಾಚೆಯ ಕನ್ನಡ ಮನೆಯಲ್ಲಿ ಮೆತ್ತಗೆ ಬೆಂದ ಅನ್ನ, ತುಪ್ಪ, ಮೆಂತ್ಯಹಿಟ್ಟು. ಅಲ್ಲೂ ಇಲ್ಲೂ ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿ, ಗೋದಿಯನ್ನು ಬೇರೆ ಬೇರೆ ಹುರಿದು, ಒಂದಿಷ್ಟು ಮೆಂತ್ಯ, ಇಂಗು, ಅರಿಶಿನ ಕೂಡಿಸಿ ಬೀಸುತ್ತಾರೆ. ತಮ್ಮದೇ ಮೂಲ, ಪಕ್ಕದವರದು ನಕಲು ಎಂಬುದರಲ್ಲಿ ಎರಡೂ ಮನೆಗಳಿಗೆ ಏಕಾಭಿಪ್ರಾಯವಿದೆ. "ಅವರ ಹಿಟ್ಟಿನ್ಯಾಗ ಮೆಂತ್ಯ ಜಾಸ್ತಿರೀ, ಕಹಿ ಹೊಡೀತದ" ಎಂಬ ಸಾಕ್ಷ್ಯ ಎರಡೂ ಕಡೆ, ಎರಡೂ ಭಾಷೆಯಲ್ಲಿ, ದಾಖಲಾಗಿದೆ. ಸಂಶೋಧಕ ಎರಡೂ ತಟ್ಟೆಗಳನ್ನು ಬೆರಳಿನಿಂದ ಬಳಿದು ಪರೀಕ್ಷಿಸಿದ್ದಾನೆ. ಕಂಡ ಭೇದ ಒಂದೇ: ತುಪ್ಪ ಬಡಿಸುವ ಕೈಯ ಧಾರಾಳ.

ಧಾರವಾಡದ ಕಡೆಯಿಂದ ಬಂದು ನೆಲೆಸಿದವರು ಜೋಳದ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು ಈ ವಾದದಿಂದಲೇ ದೂರ ಉಳಿದಿದ್ದಾರೆ.

ಖಾನಾಪುರದತ್ತ ಹೋದಂತೆ ಅನ್ನ ನೀರಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಅಲ್ಲಿನ ಕೊಂಕಣಿ ಮನೆಗಳಲ್ಲಿ ಕುಚ್ಚಲಕ್ಕಿಯ ಪೇಜ್ ಎಂಬ ಗಂಜಿ, ಬದಿಗೆ ಉಪ್ಪಿನಕಾಯಿ, ಕೆಲವರಲ್ಲಿ ಸುಟ್ಟ ಒಣಮೀನು. ಜಪಾನಿನಲ್ಲೂ ಕಾಯಿಲೆಯವರಿಗೆ ಒಕಾಯು ಎಂಬ ಗಂಜಿ; ಅದರ ನಡುವೆ ಉಪ್ಪಿನಲ್ಲಿ ಹಾಕಿಟ್ಟ ಹುಳಿಹಣ್ಣು. ಇದನ್ನೇ ಆಧಾರವಾಗಿಟ್ಟುಕೊಂಡು ಜಪಾನ್ ಖಾನಾಪುರದ ಮೇಲೆ ಹಕ್ಕು ಸಾಧಿಸದಿರುವುದು ನಮ್ಮ ಪುಣ್ಯ.

ಐತಿಹಾಸಿಕ ಆಧಾರವೂ ಉಂಟು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರಲ್ಲಿ, ಇದೇ ಟಿಳಕವಾಡಿಯಲ್ಲಿ. ಆಗ ತೋಡಿಸಿದ ಬಾವಿ ಇಂದಿಗೂ ಇದೆ. ಅದರ ನೀರಿನಲ್ಲಿ ಯಾವ ಪ್ರಾಂತ್ಯದ ಬೇಳೆ ಬೇಗ ಬೆಂದಿತೆಂದು ಇತಿಹಾಸಕಾರರು ವಿಚಾರಿಸದಿರುವುದು ಅಕ್ಷಮ್ಯ.

ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಮುಂದೆಂದಾದರೂ ಮತ್ತೊಂದು ಆಯೋಗ ಬರುವುದಾದರೆ ಮಳೆಗಾಲದಲ್ಲೇ ಬರಲಿ. ಸದಸ್ಯರಿಗೆಲ್ಲ ನೆಗಡಿ ಕಡ್ಡಾಯವಾಗಿರಲಿ. ಊಟದ ಜವಾಬ್ದಾರಿ ಎರಡನೇ ಗೇಟಿನವರದು. ತುಪ್ಪದ ಖರ್ಚನ್ನು ಮಾತ್ರ ಎರಡೂ ರಾಜ್ಯ ಸರ್ಕಾರಗಳು ಸಮನಾಗಿ ಭರಿಸತಕ್ಕದ್ದು.