ಜಟ್ಟಿಗೆ ಎಷ್ಟು ಪಾಯಿಂಟು?

ಬೆಳಿಗ್ಗೆ ಪೂಜೆಗೆ ದಾಸವಾಳ ಕೀಳ್ತಿದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಹುಡುಗ, "ಅಂಕಲ್, ಜಟ್ಟಿಗೆ ಎಷ್ಟು ಹಿಟ್ ಪಾಯಿಂಟ್ ಕೊಡಬಹುದು?" ಅಂದ. ಹುಟ್ಟಿದಾಗಿನಿಂದ ಮೈಸೂರಲ್ಲಿದ್ದೀನಿ, ಜಟ್ಟಿಗಳ ವಿಷಯ ಹೀಗೆ ಯಾರೂ ಕೇಳಿರಲಿಲ್ಲ.

ಭಾನುವಾರ ಅವನ ಮನೆ ಮಹಡಿಯಲ್ಲಿ ನಾಲ್ಕೈದು ಜನ ಕೂತು ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಬ್ಬ ಕಥೆ ನಡೆಸ್ತಾನೆ, ಮಿಕ್ಕವರು ಒಂದೊಂದು ವೇಷ ಕಟ್ಟುತ್ತಾರೆ, ಹಣೆಬರಹ 20 ಮುಖದ ದಾಳದ ಕೈಲಿ. ವೇಷದ ಬಗೆಗೆ ಕ್ಲಾಸ್ ಅಂತ ಹೆಸರು, ಅದು ಎಷ್ಟು ಏಟು ತಾಳುತ್ತೆ ಅನ್ನೋ ಲೆಕ್ಕವೇ ಹಿಟ್ ಪಾಯಿಂಟ್.

"ಬರಿಗೈಲಿ ಹೊಡೆಯೋ ಮಾಂಕ್ ಕ್ಲಾಸ್ ಇದೆಯಲ್ಲ, ಅದಕ್ಕೇ ಜಟ್ಟಿ ಅಂತ ಹೆಸರಿಟ್ಟುಬಿಡ್ತೀನಿ" ಅಂದ.

ಸುಲಭದ ದಾರಿ. ಆ ಮಾಂಕ್ ಕೂಡ ಆಟಕ್ಕೆ ಬಂದಿದ್ದು 1975ರಲ್ಲಿ, ಅಮೆರಿಕಕ್ಕೆ ಕುಂಗ್ ಫೂ ಹುಚ್ಚು ಹಿಡಿದಿದ್ದಾಗ. 1985ರಲ್ಲಿ 'ಓರಿಯಂಟಲ್ ಅಡ್ವೆಂಚರ್ಸ್' ಅಂತ ಪುಸ್ತಕ ತಂದು ಸಮುರಾಯ್, ನಿಂಜಾ, ಯಾಕುಜಾ ಎಲ್ಲರನ್ನೂ ತುಂಬಿದರು. ಜಪಾನು, ಚೀನಾ ಸೇರಿಸಿ ಕಲಸುಮೇಲೋಗರ. 2024ರ ನಿಯಮ ಪುಸ್ತಕದಲ್ಲಿ ಮಾಂಕಿನ 'ಕಿ' ಶಕ್ತಿಯ ಹೆಸರು 'ಫೋಕಸ್' ಅಂತ ಬದಲಾಯ್ತು. ನಮ್ಮ ರಾಕ್ಷಸನೂ ಎಪ್ಪತ್ತರ ದಶಕದಿಂದ ಅಲ್ಲೇ ಇದ್ದಾನೆ, ಹುಲಿ ಮುಖ, ಪೈಪು ಸೇದ್ತಾನೆ! ರಾವಣ ನೋಡಿದ್ದರೆ ಹತ್ತು ಪೈಪು ಕೇಳ್ತಿದ್ದ.

"ವಜ್ರಮುಷ್ಟಿ ಕಾಳಗ ನೋಡಿದ್ದೀಯೇನೋ?" ಅಂದೆ. ಟಿವಿಯಲ್ಲಿ ಅಂದ. ವಿಜಯದಶಮಿ ದಿನ ಅರಮನೆ ಒಳಗೆ ಕೆಮ್ಮಣ್ಣಿನ ಅಖಾಡ. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳಿಗೆ ಮೊನೆಯಿರೋ ವಜ್ರಮುಷ್ಟಿ. ಸುತ್ತುತ್ತಾರೆ, ಹಿಡೀತಾರೆ, ಎದುರಾಳಿ ತಲೆಯಲ್ಲಿ ಒಂದು ತೊಟ್ಟು ರಕ್ತ ಕಂಡಿತೋ, ಮುಗೀತು. ಎಷ್ಟೋ ಸಲ ಕಣ್ಣು ಮಿಟುಕಿಸೋದರಲ್ಲಿ.

"ನಿನ್ನ ಆಟದಲ್ಲಿ ಪಾಯಿಂಟು ಸೊನ್ನೆ ಆಗೋ ತನಕ ಬಡೀತಾನೇ ಇರಬೇಕು. ಜಟ್ಟಿಗೆ ಮೊದಲ ತೊಟ್ಟಿಗೇ ನಿಲ್ಲಿಸೋದು ಗೊತ್ತು. ಆ ನಿಯಮ ಮೊದಲು ಬರ್ಕೋ, ಪಾಯಿಂಟು ಆಮೇಲೆ."

ಅವನು ತಲೆ ಕೆರೆದುಕೊಂಡ. "ಒಂದು ತೊಟ್ಟು ರಕ್ತ ಬಂತು ಅಂತ ಡ್ರ್ಯಾಗನ್ ಮನೆಗೆ ಹೋಗುತ್ತಾ ಅಂಕಲ್?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೂವಿನ ಬುಟ್ಟಿ ನೋಡಿಕೊಂಡೆ. ಸಂಜೆ ಅವನೇ ಬಂದು ಹೇಳಿದ: ನಿಯಮ ಒಪ್ಪಿ ಅಖಾಡಕ್ಕಿಳಿದವನಿಗೆ ಮೊದಲ ತೊಟ್ಟೇ ಸೋಲು, ಡ್ರ್ಯಾಗನ್ನಿಗೆ ಹಳೇ ಲೆಕ್ಕ. ಚೆನ್ನಾಗಿದೆ ಅಂದೆ. ಭಾನುವಾರ ಆ ಜಟ್ಟಿಯ ವೇಷ ನನಗೇ ಕೊಟ್ಟಿದ್ದಾನೆ. ತಲೆ ಬೋಳಿಸೋ ಖರ್ಚಿಲ್ಲ, ಅದು ತಾನಾಗಿಯೇ ಆಗಿ ಹತ್ತು ವರ್ಷ ಆಯ್ತು.